ಜೋಯಿಡಾದ ಶಾಲೆಗೂ ಕಾರವಾರದ ಶಾಲೆಗೂ ಏನು ವ್ಯತ್ಯಾಸ?

ಶಿಕ್ಷಣ ಹಕ್ಕು ಕಾಯಿದೆ ಎಲ್ಲ ಕಡೆ ಒಂದೇ ಅಲ್ವಾ, ಮತ್ತೆ ಪೇಟೆ ಶಾಲೆಗೂ ಕಾಡಿನ ಶಾಲೆಗೂ ಇಷ್ಟು ಅಂತರ ಯಾಕೆ ಎಂದು ಕೇಳಿದ್ದೀರಿ. ನಾನು ಉತ್ತರ ಕನ್ನಡದ ಕರಾವಳಿಯ ಕಾರವಾರ ತಾಲೂಕಿನವನು, ಗೋವಾ ಗಡಿಯ ಮಾಜಾಳಿ ಕಡೆ. ನಮ್ಮೂರ ಶಾಲೆಯ ಎಸ್‌ಡಿಎಂಸಿಯಲ್ಲಿ, ಅಂದರೆ ಪಾಲಕರೇ ಹೆಚ್ಚಿರುವ ಶಾಲಾ ಸಮಿತಿಯಲ್ಲಿ ಇದ್ದೆ. ಅಕ್ಕ ಅದೇ ಜಿಲ್ಲೆಯ, ಘಟ್ಟದ ಮೇಲಿನ ಕಾಡು ತಾಲೂಕು ಜೋಯಿಡಾದ ಒಂದು ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಅಕ್ಕೋರು. ನಮ್ಮಲ್ಲಿ ಟೀಚರಮ್ಮನಿಗೆ ಅಕ್ಕೋರು ಅನ್ನುತ್ತಾರೆ, ಗಂಡಸಾದರೆ ಮಾಸ್ತರು.

ಗಂಟು ಇರುವುದು ತಲೆ ಎಣಿಕೆಯಲ್ಲಿ. ಸಮಗ್ರ ಶಿಕ್ಷಣ ಅನ್ನುವ ಸರ್ಕಾರಿ ಯೋಜನೆಯ ಶಾಲಾ ಅನುದಾನ ಮಕ್ಕಳ ಸಂಖ್ಯೆ ನೋಡಿ ಬರುತ್ತದೆ. 30ರೊಳಗೆ ಇದ್ದರೆ ವರ್ಷಕ್ಕೆ 10,000 ರೂಪಾಯಿ, 100 ದಾಟಿದರೆ 50,000. ಕೇಳಲು ಸರಿಯಾಗೇ ಇದೆ. ಆದರೆ ಹನ್ನೆರಡೇ ಮಕ್ಕಳಿದ್ದರೂ ಕಟ್ಟಡದ ಮಾಡು ಸಣ್ಣದಾಗುವುದಿಲ್ಲವಲ್ಲ. ಹಂಚಿನ ಮೇಲೆ ವರ್ಷವಿಡೀ ಮಂಗಗಳ ಕುಣಿತ. ಮೇ ತಿಂಗಳಲ್ಲಿ ಒಡೆದದ್ದನ್ನು ಬದಲಿಸಿ ಹಂಚು ಕೈಯಾಡಿಸದಿದ್ದರೆ ಜೂನ್‌ನಲ್ಲಿ ಮಕ್ಕಳ ನಡುವೆ ಬಕೆಟ್ ಇಡಬೇಕು. ಹಂಚು, ಗಾಡಿ ಬಾಡಿಗೆ, ಕೂಲಿ ಎಲ್ಲ ಕೊಟ್ಟ ಮೇಲೆ ಚಾಕ್‌ಪೀಸಿಗೆ ಅಕ್ಕನ ಪರ್ಸೇ ಗತಿ.

ಶಿಕ್ಷಕರ ಲೆಕ್ಕವೂ ಹೀಗೆಯೇ. ಶಿಕ್ಷಣ ಹಕ್ಕು ಕಾಯಿದೆ ಪ್ರಕಾರ 60 ಮಕ್ಕಳವರೆಗೆ ಇಬ್ಬರು. ಅದರಲ್ಲಿ ಒಬ್ಬರು ವರ್ಗವಾಗಿ ಹೋದರೆ ಉಳಿದವರಿಗೆ ಒಂದರಿಂದ ಐದರವರೆಗೆ ಪಾಠ, ಜೊತೆಗೆ ಬಿಸಿಯೂಟದ ಅಕ್ಕಿ, ಬೇಳೆ, ಮೊಟ್ಟೆ ಲೆಕ್ಕ. ಎಸ್‌ಎಟಿಎಸ್ ಅನ್ನುವ ಸರ್ಕಾರಿ ಆನ್‌ಲೈನ್ ದಾಖಲೆಗೆ ಮಕ್ಕಳ ಮಾಹಿತಿ ತುಂಬಲು ನೆಟ್‌ವರ್ಕ್ ಹುಡುಕಿ ಗುಡ್ಡ ಹತ್ತಬೇಕು. ತಾಲೂಕಿನಲ್ಲಿ ಮೀಟಿಂಗ್ ಅಂದರೆ ಒಂದು ದಿನ ಪೂರ್ತಿ ಹೋಯಿತು. ಕಾರವಾರದ ಹೆಡ್‌ಮಾಸ್ತರು ಸ್ಕೂಟರ್‌ನಲ್ಲಿ ತಾಲೂಕಿನ ಶಿಕ್ಷಣಾಧಿಕಾರಿ, ಅಂದರೆ ಬಿಇಒ ಕಚೇರಿಗೆ ಹೋಗಿ ಬಿಸಿಯೂಟದ ಹೊತ್ತಿಗೆ ವಾಪಸ್! ಇನ್ನೊಂದು ತಮಾಷೆ ನೋಡಿ. ಜೋಯಿಡಾದವರಿಗೆ ಡಿಸಿ ಇರುವುದು ಅಣಶಿ ಘಟ್ಟ ಇಳಿದು ಕಾರವಾರದಲ್ಲಿ, ಬಿಇಒಗೂ ಮೇಲಿನ ಶಿಕ್ಷಣಾಧಿಕಾರಿ ಡಿಡಿಪಿಐ ಇರುವುದು ಆ ಕಡೆ ಶಿರಸಿಯಲ್ಲಿ.

ವರ್ಗಾವಣೆಗೆ ಎ, ಬಿ, ಸಿ ಅಂತ ವಲಯಗಳಿವೆ. ಸಿ ಅಂದರೆ ಒಳನಾಡು. ಪೇಟೆಯಲ್ಲಾದರೆ ಆಸ್ಪತ್ರೆ ಹತ್ತಿರ. ವರ್ಗ ಮಾಡಿಸಿಕೊಂಡು ಪೇಟೆಗೆ ಹೋಗುವವರನ್ನು ಬೈಯಲು ನನಗೆ ಮನಸ್ಸು ಬರುವುದಿಲ್ಲ.

ಹಾಗಂತ ಪೇಟೆ ಶಾಲೆ ಸುಖದಲ್ಲಿದೆ ಅಂದುಕೊಳ್ಳಬೇಡಿ. ಹೊರಗಿನವರು ತಪ್ಪುವುದು ಇಲ್ಲೇ. ಸಮಿತಿಯಲ್ಲಿ ಮುಕ್ಕಾಲು ಪಾಲು ಪಾಲಕರು, ಅರ್ಧದಷ್ಟು ಹೆಂಗಸರು ಇರಬೇಕು. ಆದರೆ ಪೇಟೆಯಲ್ಲಿ ಕೈಲಾದವರೆಲ್ಲ ಮಕ್ಕಳನ್ನು ಇಂಗ್ಲಿಷ್ ಮೀಡಿಯಂಗೆ ಹಾಕಿದ್ದಾರೆ. ಸರ್ಕಾರಿ ಶಾಲೆಗೆ ಉಳಿದವರು ಬೋಟಿಗೆ ಹೋಗುವವರ, ಗಾರೆ ಕೆಲಸಕ್ಕೆ ಘಟ್ಟದ ಮೇಲಿಂದ ಬಂದವರ ಮಕ್ಕಳು. ಬೆಳಿಗ್ಗೆ ಹನ್ನೊಂದಕ್ಕೆ ಸಭೆ ಕರೆದರೆ ಅವರಿಗೆ ಒಂದು ದಿನದ ಕೂಲಿ ಖೋತಾ. ನಮ್ಮೂರಲ್ಲೂ ಎಷ್ಟೋ ಅಪ್ಪಂದಿರು ಬೆಳಕು ಹರಿಯುವ ಮೊದಲೇ ಗೋವಾ ಕೆಲಸಕ್ಕೆ ಹೋಗಿರುತ್ತಾರೆ. ಬಂದ ನಾಲ್ಕು ಜನ ಕೊಂಕಣಿಯಲ್ಲಿ ಮಾತಾಡುತ್ತಾರೆ, ಮಾಸ್ತರು ಕನ್ನಡದಲ್ಲಿ ನಡಾವಳಿ ಬರೆಯುತ್ತಾರೆ. ಉಳಿದವರ ಸಹಿಗೆ ರಾತ್ರಿ ಪುಸ್ತಕ ಹಿಡಿದು ಮನೆ ಮನೆಗೆ ಹೋದವನು ನಾನೇ. ನಿಯಮಕ್ಕೆ ಸರಿಯಲ್ಲ, ಗೊತ್ತು.

ಅಕ್ಕನ ಊರಲ್ಲಿ ಬೇರೆಯೇ ಕತೆ. ಎಲ್ಲರ ಮಕ್ಕಳೂ ಅದೇ ಶಾಲೆಗೆ. ಸಭೆ ಅಂದರೆ ಊರಿಗೆ ಊರೇ ಬರುತ್ತದೆ. ಮಳೆಗಾಲಕ್ಕೆ ಮುಂಚೆ ಹಳ್ಳಕ್ಕೆ ಕಾಲುಸಂಕ ಹಾಕುವವರೂ ಅವರೇ. ಆದರೆ ಕಾಯಂ ಮಾಸ್ತರು ಬೇಕು ಅಂದರೆ ಅರ್ಜಿ ಬರೆಯುವುದು ಬಿಟ್ಟು ಸಮಿತಿಯ ಕೈಯಲ್ಲಿ ಏನೂ ಇಲ್ಲ. ಮಧ್ಯ ಅಮೆರಿಕದ ಎಲ್ ಸಾಲ್ವಡಾರ್‌ನಲ್ಲಿ 1991ರಿಂದ ಎಜುಕೋ ಅನ್ನುವ ಯೋಜನೆಯಲ್ಲಿ ಹಳ್ಳಿಯ ಪಾಲಕರ ಸಂಘಗಳೇ ಶಿಕ್ಷಕರನ್ನು ನೇಮಿಸುತ್ತಿದ್ದವು. ಇದನ್ನು ಅಕ್ಕನಿಗೆ ಹೇಳಿದೆ. "ನನ್ನ ಸಂಬಳಕ್ಕೂ ಊರವರ ಮುಂದೆ ಕೈ ಚಾಚಬೇಕೇನೋ?" ಅಂದಳು. ಅದೂ ಹೌದು.

ನೋಡಲು ಬರುವುದಾದರೆ ಮೇ ಕೊನೆಗೆ ಬನ್ನಿ, ಹಂಚು ಕೈಯಾಡಿಸುವ ದಿನ. ಏಣಿ ಹಿಡಿಯಲು ಒಬ್ಬರು ಯಾವಾಗಲೂ ಕಮ್ಮಿ ಬೀಳುತ್ತಾರೆ.