ಎವರ್‌ಗ್ರೀನ್ ಮನೆಗೆ ಮಿನಿ ಸ್ಪ್ಲಿಟ್ ಹಾಕಿಸುವ ಮುಂಚೆ

ಕೊಲೊರಾಡೊದ ಎವರ್‌ಗ್ರೀನ್‌ನಲ್ಲಿ ಮನೆ ತಗೊಂಡಿದ್ದೀರಿ ಅಂತ ಕೇಳಿ ತುಂಬಾ ಖುಷಿಯಾಯಿತು. ಮೊದಲ ತಿಂಗಳ ಕರೆಂಟ್ ಬಿಲ್ ನೋಡಿ ಗಾಬರಿಯಾಗಿದ್ದೀರಿ. ಗೋಡೆಯ ಬುಡದಲ್ಲಿರುವ ಹೀಟರ್ ಬದಲು ಮಿನಿ ಸ್ಪ್ಲಿಟ್ ಹಾಕಿಸಬಹುದಾ, ಹಿಮ ಬೀಳುವ ಕಡೆ ಅದು ಕೆಲಸ ಮಾಡುತ್ತದಾ ಅಂತ ಕೇಳಿದ್ದೀರಿ. ಮಾಡುತ್ತದೆ. ಈ ಬೆಟ್ಟದಲ್ಲಿ ಆರು ಚಳಿಗಾಲ ನಾವು ಅದನ್ನೇ ನಂಬಿಕೊಂಡು ಕಳೆದಿದ್ದೇವೆ.

ಊರಲ್ಲಿ ಗೋಡೆಗೆ ಹಾಕಿಸುವ ಇನ್ವರ್ಟರ್ ಎಸಿ ಇದೆಯಲ್ಲ, ಇದೂ ಅದೇ ಜಾತಿ. ಚಳಿಗಾಲದಲ್ಲಿ ಉಲ್ಟಾ ಕೆಲಸ ಮಾಡಿ ಹೊರಗಿನ ಶಾಖವನ್ನು ಒಳಗೆ ತರುತ್ತದೆ. ಮೈನಸ್ 15 ಡಿಗ್ರಿಯ ಗಾಳಿಯಲ್ಲೂ ಶಾಖ ಇರುತ್ತದೆ. ನಿಮ್ಮ ಹೀಟರ್ ಒಂದು ಯೂನಿಟ್ ಕರೆಂಟಿಗೆ ಒಂದು ಯೂನಿಟ್ ಶಾಖ ಕೊಡುತ್ತದೆ. ಮಿನಿ ಸ್ಪ್ಲಿಟ್ ಸಾಧಾರಣ ಚಳಿಯಲ್ಲಿ ಸುಮಾರು ಮೂರು, ಕಡು ಚಳಿಯಲ್ಲಿ ಎರಡರ ಹತ್ತಿರ ಕೊಡುತ್ತದೆ.

ಆದರೆ ಊರಲ್ಲಿ ರೂಮ್ ನೋಡಿ ‘ಒಂದು ಟನ್ ಸಾಕು’ ಅನ್ನುವ ಹಾಗೆ ಇಲ್ಲಿ ಆಗುವುದಿಲ್ಲ. ಬಿಸಿ ಎಷ್ಟು ಕೊಡುತ್ತದೆ ಅಂತ ಮಾರುವವರು ಮೊದಲು ತೋರಿಸುವ ಅಂಕಿ ಹೊರಗೆ 47 ಡಿಗ್ರಿ ಫ್ಯಾರನ್‌ಹೀಟ್ ಇರುವಾಗಿನದು. ಅಂದರೆ 8 ಡಿಗ್ರಿ ಸೆಲ್ಸಿಯಸ್, ನಮಗೆ ಅದು ಚಳಿಯೇ ಅಲ್ಲ. 5 ಡಿಗ್ರಿ ಫ್ಯಾರನ್‌ಹೀಟಿನಲ್ಲಿ, ಅಂದರೆ ಮೈನಸ್ 15 ಸೆಲ್ಸಿಯಸ್‌ನಲ್ಲಿ, ಎಷ್ಟು ಕೊಡುತ್ತದೆ ಅಂತ ಕೇಳಿ. ಜೊತೆಗೆ ನಾವಿರುವುದು 7,000 ಅಡಿಗಿಂತ ಮೇಲೆ. ಸಮುದ್ರ ಮಟ್ಟಕ್ಕೆ ಹೋಲಿಸಿದರೆ ಗಾಳಿ ಸುಮಾರು ಐದನೇ ಒಂದು ಭಾಗ ತೆಳು, ಹಾಗಾಗಿ ಯಂತ್ರದ ಶಕ್ತಿಯೂ ಸ್ವಲ್ಪ ತಗ್ಗುತ್ತದೆ. ಹಾಗಂತ ಸುಮ್ನೆ ದೊಡ್ಡದು ತಗೊಂಡರೆ ಮತ್ತೆ ಮತ್ತೆ ಆನ್ ಆಫ್ ಆಗಿ ಕರೆಂಟ್ ತಿನ್ನುತ್ತದೆ. ಮನೆಯ ಕಿಟಕಿ, ಗೋಡೆ, ಅಟ್ಟ ಎಲ್ಲ ಅಳೆದು ಎಷ್ಟು ಬಿಸಿ ಬೇಕು ಅಂತ ‘ಮ್ಯಾನುಯಲ್ ಜೆ’ ಅನ್ನುವ ಲೆಕ್ಕ ಹಾಕಿಕೊಡುವವರಿಗೇ ಕೆಲಸ ಕೊಡಿ.

ಹೊರಗಿನ ಯೂನಿಟ್ ಎಲ್ಲಿ ಕೂರಿಸುತ್ತಾರೆ ಅನ್ನುವುದನ್ನು ಪಕ್ಕದಲ್ಲೇ ನಿಂತು ನೋಡಿ. ನಮ್ಮದನ್ನು ಸೂರಿನ ಅಂಚಿನ ಕೆಳಗೆ, ನೆಲಕ್ಕೆ ಅಂಟಿಸಿದ ಹಾಗೆ ಇಟ್ಟು ಹೋಗಿದ್ದರು. ಮಾರ್ಚ್‌ನಲ್ಲಿ ಛಾವಣಿಯ ಹಿಮವೆಲ್ಲ ಒಮ್ಮೆಲೇ ಜಾರಿ ಅದರ ಮೇಲೆ ಬಿತ್ತು. ರಾತ್ರಿ ಎರಡು ಗಂಟೆಗೆ ಸಲಿಕೆ ಹಿಡಿದು ಬಿಡಿಸಿದೆ, ಒಳಗೆ ಮಗು ನಡುಗುತ್ತಿತ್ತು. ಆಮೇಲೆ ಎತ್ತರದ ಸ್ಟ್ಯಾಂಡ್ ಹಾಕಿಸಿ ಜಾಗ ಬದಲಿಸಿದೆವು. ಆಗಾಗ ಅದರಿಂದ ಹೊಗೆಯ ಹಾಗೆ ಆವಿ ಏಳುತ್ತದೆ, ಹೆದರಬೇಡಿ, ಮೈಗೆ ಕಟ್ಟಿದ ಮಂಜನ್ನು ಕರಗಿಸಿಕೊಳ್ಳುತ್ತಿರುತ್ತದೆ. ಆ ನೀರು ನೆಲದಲ್ಲಿ ಗಾಜಿನಂತೆ ಗಟ್ಟಿಯಾಗುತ್ತದೆ, ಆದ್ದರಿಂದ ನಡೆಯುವ ದಾರಿ ಪಕ್ಕ ಬೇಡ.

ಇಂಟರ್‌ನೆಟ್ಟಿನಲ್ಲಿ ಕಾಣುವ 2,000 ಡಾಲರ್ ಫೆಡರಲ್ ತೆರಿಗೆ ರಿಯಾಯಿತಿ 2025ರ ಕೊನೆಗೆ ಮುಗಿಯಿತು. ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಡಿಸೆಂಬರ್‌ನಲ್ಲಿ ಹಾಸನದಿಂದ ಅಮ್ಮ ಬರುತ್ತಾರೆ ಅಂದಿರಿ. ಹಾಲ್‌ನಲ್ಲಿ ಒಂದೇ ಹಾಕಿಸಿದರೆ ಬಾಗಿಲು ಮುಚ್ಚಿದ ರೂಮಿಗೆ ಬಿಸಿ ಹೋಗುವುದಿಲ್ಲ. ಅವರ ರೂಮಿಗೆ ಬೇರೆಯದೇ ಇರಲಿ. ಬಚ್ಚಲುಮನೆಯ ಹಳೆಯ ಹೀಟರ್ ಕೀಳಿಸಬೇಡಿ, ಪೈಪ್ ಹೆಪ್ಪುಗಟ್ಟದಂತೆ ಕಾಯುವುದು ಅದೇ. ಹಿಮ ಜಾಸ್ತಿಯಾದಾಗ ಕರೆಂಟ್ ಹೋಗುವುದುಂಟು, ಕಟ್ಟಿಗೆ ಒಲೆಯ ಚಿಮಣಿಯನ್ನು ಅಕ್ಟೋಬರ್ ಒಳಗೆ ಕ್ಲೀನ್ ಮಾಡಿಸಿ. ಕೊಟೇಶನ್ ಬಂದ ಮೇಲೆ ನನಗೂ ಕಳಿಸಿ, ಕೂತು ನೋಡೋಣ.