ನಿತ್ಯಪುಷ್ಪದ ಕ್ಯಾಲಸ್ (ಗಿಡದ ತುಂಡಿನಿಂದ ಬೆಳೆಸಿದ ಕೋಶಗಳ ಮುದ್ದೆ) ಚೆನ್ನಾಗಿ ಬೆಳೆಯುತ್ತಿದೆ, ಅದರಿಂದ ಕ್ಯಾನ್ಸರ್ ಔಷಧಿ ವಿನ್‌ಕ್ರಿಸ್ಟಿನ್ ಬರಲು ಯಾವ ಎಲಿಸಿಟರ್ (ಕೋಶವನ್ನು ಕೆರಳಿಸಿ ಉತ್ಪಾದನೆ ಹೆಚ್ಚಿಸುವ ವಸ್ತು) ಹಾಕಬೇಕು?

"ಚೆನ್ನಾಗಿ ಬೆಳೆಯುತ್ತಿದೆ" ಅಂತ ಬರೆದಿದ್ದೀರಲ್ಲ, ಅದನ್ನು ಓದಿಯೇ ನನಗೆ ಭಯವಾಯಿತು. ನನ್ನದೂ ಚೆನ್ನಾಗಿಯೇ ಬೆಳೆಯುತ್ತಿತ್ತು. ಲ್ಯಾಬಿನಲ್ಲಿ ಅಷ್ಟು ಚಂದದ ಕ್ಯಾಲಸ್ ಇನ್ಯಾರ ಹತ್ತಿರವೂ ಇರಲಿಲ್ಲ. ಕೆನೆ ಬಣ್ಣ, ಮೆತ್ತಗೆ, ಫೋರ್ಸೆಪ್ಸ್ ತಾಗಿಸಿದರೆ ಸಾಕು ಉದುರುತ್ತಿತ್ತು. ದ್ರವ ಮೀಡಿಯಾಕ್ಕೆ (ಪೋಷಕಾಂಶದ ದ್ರಾವಣಕ್ಕೆ) ಹಾಕಿ ಶೇಕರ್ ಮೇಲಿಟ್ಟರೆ ನೋಡನೋಡುತ್ತಲೇ ಫ್ಲಾಸ್ಕ್ ದಪ್ಪಗಾಗುತ್ತಿತ್ತು. ಬಂದವರಿಗೆಲ್ಲ ತೋರಿಸುತ್ತಿದ್ದೆ.

ನಾನು ಕೆಟ್ಟದ್ದು ಎಲ್ಲಿ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಇದನ್ನು ಯಾರೂ ಪ್ರೋಟೋಕಾಲ್‌ನಲ್ಲಿ ಬರೆಯುವುದಿಲ್ಲ. ಸಬ್‌ಕಲ್ಚರ್ ಮಾಡುವ, ಅಂದರೆ ಕ್ಯಾಲಸನ್ನು ಹೊಸ ಮೀಡಿಯಾಕ್ಕೆ ದಾಟಿಸುವ ದಿನ ಪ್ರತಿ ಬಾಟಲಿಯಲ್ಲೂ ಎರಡು ಥರದ ಕ್ಯಾಲಸ್ ಇರುತ್ತಿತ್ತು. ಒಂದು ಬೆಳ್ಳಗೆ, ಮೆತ್ತಗೆ, ಬೇಗ ಹಬ್ಬುವುದು. ಇನ್ನೊಂದು ಗಟ್ಟಿ, ಹಸಿರು ಕಂದು ಬಣ್ಣ, ಬೆಳೆಯಲು ಮೀನಮೇಷ ಎಣಿಸುವುದು. ನಾನು ಪ್ರತಿ ಸಲ ಬಿಳಿಯದನ್ನೇ ಆರಿಸಿ ಹೊಸ ಬಾಟಲಿಗೆ ಹಾಕುತ್ತಿದ್ದೆ. ಗಟ್ಟಿಯದನ್ನು ಆಟೋಕ್ಲೇವ್ ಮಾಡಿ ಬಿಸಾಡುತ್ತಿದ್ದೆ. ಹಾಗೆ ಮಾಡು ಅಂತ ಯಾರೂ ಹೇಳಿರಲಿಲ್ಲ. ಬೇಗ ಬೆಳೆಯುವುದೇ ಆರೋಗ್ಯವಾಗಿದೆ ಅಂತ ಕಣ್ಣಿಗೆ ಅನ್ನಿಸುತ್ತದೆ, ಅಲ್ವಾ?

ಆದರೆ ಕೋಶಕ್ಕೆ ಆಲ್ಕಲಾಯ್ಡ್ (ವಿನ್‌ಕ್ರಿಸ್ಟಿನ್‌ನಂಥ, ಸಾರಜನಕವಿರುವ ಸಸ್ಯ ರಾಸಾಯನಿಕ) ಅನ್ನುವುದು ಖರ್ಚಿನ ಬಾಬ್ತು. ಸಾರಜನಕ, ಇಂಗಾಲ ಎರಡನ್ನೂ ಅದಕ್ಕೆ ಸುರಿಯಬೇಕು. ಆ ಖರ್ಚು ಮಾಡದ ಕೋಶ ಎಲ್ಲವನ್ನೂ ವಿಭಜನೆಗೆ ಬಳಸಿ ಮುಂದೆ ಹೋಗುತ್ತದೆ. ಅದನ್ನೇ ನಾನು ಪೀಳಿಗೆ ಪೀಳಿಗೆ ಆರಿಸಿಕೊಂಡು ಬಂದೆ. ಸಾಲದ್ದಕ್ಕೆ ನನ್ನ ಎಂಎಸ್ (ಮುರಾಶಿಗೆ-ಸ್ಕೂಗ್) ಮೀಡಿಯಾದಲ್ಲಿ 2,4-ಡಿ ಅನ್ನುವ ಕೃತಕ ಸಸ್ಯ ಹಾರ್ಮೋನ್ ಇತ್ತು. ಕ್ಯಾಲಸ್ ಹಬ್ಬಿಸಲು ಅದಕ್ಕೆ ಸಾಟಿಯಿಲ್ಲ, ನಿಜ. ಆದರೆ ನಿತ್ಯಪುಷ್ಪದ ಕೋಶಗಳಲ್ಲಿ ಅದು ಆಲ್ಕಲಾಯ್ಡ್ ತಯಾರಿಕೆಯನ್ನು ಅದುಮಿಬಿಡುತ್ತದೆ. ಕೆಲಸ ಗೊತ್ತಿದ್ದವರನ್ನು ಮನೆಗೆ ಕಳಿಸಿ, ಉಳಿದವರ ಕೈ ಕಟ್ಟಿಹಾಕಿ, ಆಮೇಲೆ ಉತ್ಪಾದನೆ ಯಾಕಿಲ್ಲ ಅಂತ ಕೇಳಿದ ಹಾಗಾಯಿತು.

ಆಗ ನಾನೂ ನಿಮ್ಮ ಹಾಗೆಯೇ ಎಲಿಸಿಟರ್ ಹುಡುಕಿಕೊಂಡು ಹೋದೆ. ಮೀಥೈಲ್ ಜಾಸ್ಮೊನೇಟ್ ಆಯಿತು, ಕೈಟೋಸಾನ್ ಆಯಿತು, ಯೀಸ್ಟ್ ಸಾರ ಆಯಿತು. ರಾಸಾಯನಿಕಗಳನ್ನು ಬೇರ್ಪಡಿಸಿ ಅಳೆಯುವ ಎಚ್‌ಪಿಎಲ್‌ಸಿ ಯಂತ್ರದ ಗೆರೆ ಮಾತ್ರ ಅಲ್ಲಾಡಲಿಲ್ಲ. ಎಕ್ಸ್‌ಟ್ರಾಕ್ಷನ್ ಸರಿಯಿಲ್ಲ ಅಂದುಕೊಂಡು ಮೆಥನಾಲ್ ಜೊತೆ ಗುದ್ದಾಡಿದ್ದೂ ಆಯಿತು.

ಕೊನೆಗೆ ರ್‍ಯಾಕ್ ಖಾಲಿ ಮಾಡುವಾಗ ಒಂದು ಹಳೇ ಬಾಟಲಿ ಸಿಕ್ಕಿತು. ಸಬ್‌ಕಲ್ಚರ್ ಮಾಡಲು ಮರೆತು ಬಿಟ್ಟದ್ದು. ಅಗಾರ್ ಒಣಗಿ ಗಾಜಿಗೆ ಅಂಟಿತ್ತು, ಮೇಲೊಂದು ಗಟ್ಟಿ ಕಂದು ಉಂಡೆ. ಸುಮ್ನೆ ನೋಡೋಣ ಅಂತ ಅದನ್ನೂ ನನ್ನ ಬಿಳಿ ಕ್ಯಾಲಸನ್ನೂ ಅರೆದು, ರಾಸಾಯನಿಕಗಳನ್ನು ಚುಕ್ಕೆಗಳಾಗಿ ಬೇರ್ಪಡಿಸುವ ಒಂದೇ ಟಿಎಲ್‌ಸಿ ಪ್ಲೇಟಿನ ಮೇಲೆ ಅಕ್ಕಪಕ್ಕ ಓಡಿಸಿ, ಯುವಿ ದೀಪದ ಕೆಳಗೆ ಹಿಡಿದೆ. ಹಳೇದರ ಸಾಲಿನಲ್ಲಿ ಪ್ರಖರ ನೀಲಿ ಚುಕ್ಕೆ. ನನ್ನದರಲ್ಲಿ ಬರೀ ಕತ್ತಲೆ. ಸ್ಟ್ಯಾಂಡರ್ಡ್ (ಶುದ್ಧ ಮಾದರಿ) ಜೊತೆ ಹೋಲಿಸಿದರೆ ಆ ನೀಲಿ ಸರ್ಪೆಂಟೈನ್, ಅಂದರೆ ಈ ಗಿಡದ್ದೇ ಇನ್ನೊಂದು ಆಲ್ಕಲಾಯ್ಡ್ ಅಜ್ಮಲಿಸಿನ್ ಆಕ್ಸಿಡೀಕರಣಗೊಂಡು ಆಗುವ ಆಲ್ಕಲಾಯ್ಡ್. ಆ ಉಂಡೆಯಿಂದ ಮತ್ತೆ ಲೈನ್ (ಕೋಶಗಳ ವಂಶ) ಎಬ್ಬಿಸೋಣವೆಂದರೆ ಕೋಶಗಳು ಆಗಲೇ ಸತ್ತಿದ್ದವು. ಎಲೆಯಿಂದ ಮತ್ತೆ ಶುರು ಮಾಡುವಷ್ಟು ಸಮಯ ಉಳಿದಿರಲಿಲ್ಲ. ಥೀಸಿಸ್‌ನಲ್ಲಿ ಒಂದು ಅಧ್ಯಾಯವೇ ಹೋಯಿತು.

ಹಾಗಾಗಿ ಯಾವ ಎಲಿಸಿಟರ್ ಅನ್ನುವುದನ್ನು ಸದ್ಯಕ್ಕೆ ಬಿಡಿ. ನಿಮ್ಮ ಗುರಿಯೇ ತಪ್ಪು ಅಂತ ನನ್ನ ಅಭಿಪ್ರಾಯ. ವಿನ್‌ಕ್ರಿಸ್ಟಿನ್, ಅದರ ಜೋಡಿ ಔಷಧಿ ವಿನ್‌ಬ್ಲಾಸ್ಟಿನ್ ಆಗಬೇಕಾದರೆ ಕ್ಯಾಥರಾಂಥಿನ್ ಮತ್ತು ವಿಂಡೊಲಿನ್ ಅನ್ನುವ ಎರಡು ಅರ್ಧಗಳೂ ಬೇಕು. ವಿಂಡೊಲಿನ್‌ನ ಕೊನೆಯ ಹಂತಗಳು ಎಲೆಯೊಳಗಿನ ಹಾಲುನಾಳ, ಇಡಿಯೋಬ್ಲಾಸ್ಟ್ ಅನ್ನುವ ವಿಶೇಷ ಕೋಶಗಳಲ್ಲಿ ನಡೆಯುತ್ತವೆ. ಕ್ಯಾಲಸ್‌ನಲ್ಲಿ ಆ ಕೋಶಗಳೇ ಇಲ್ಲ. ಕ್ಯಾಲಸ್‌ನಿಂದಲೇ ವಿನ್‌ಕ್ರಿಸ್ಟಿನ್ ಬಂತು ಅನ್ನುವ ಪೇಪರ್‌ಗಳು ನಿಮ್ಮ ಕಣ್ಣಿಗೂ ಬಿದ್ದಿರಬಹುದು. ಬರೀ ಎಚ್‌ಪಿಎಲ್‌ಸಿ ಪೀಕ್ ತೋರಿಸಿದರೆ ನಾನು ನಂಬುವುದಿಲ್ಲ, ಮಾಸ್ ಸ್ಪೆಕ್ಟ್ರಮ್ (ಅಣುವಿನ ತೂಕದ ಪುರಾವೆ) ತೋರಿಸಲಿ. 1 ಗ್ರಾಂ ವಿನ್‌ಬ್ಲಾಸ್ಟಿನ್‌ಗೆ ಸುಮಾರು 500 ಕಿಲೋ ಒಣ ಎಲೆ ಬೇಕು ಅನ್ನುತ್ತಾರೆ. ಅಷ್ಟು ಕಷ್ಟವಿದ್ದರೂ ಇವತ್ತಿಗೂ ಗಿಡವನ್ನೇ ಬೆಳೆಯುತ್ತಾರೆ, ಯಾಕೆ ಅಂತ ಯೋಚಿಸಿ. 2022ರಲ್ಲಿ ಯೀಸ್ಟ್‌ಗೆ ಹತ್ತಾರು ಜೀನ್ ತುಂಬಿ ಈ ಎರಡೂ ಅರ್ಧಗಳನ್ನು ಮಾಡಿಸಿದರು. ಜೋಡಿಸಿದ್ದು ಮಾತ್ರ ರಸಾಯನಶಾಸ್ತ್ರದಿಂದ.

ಕೋಶ ಕೃಷಿಯೇ ದಂಡ ಅಂತ ನಾನು ಹೇಳುತ್ತಿಲ್ಲ. ಕ್ಯಾನ್ಸರ್ ಔಷಧಿ ಪ್ಯಾಕ್ಲಿಟ್ಯಾಕ್ಸೆಲ್ ಅನ್ನು ಯೂ ಮರದ ಕೋಶಗಳಿಂದ ದೊಡ್ಡ ಟ್ಯಾಂಕುಗಳಲ್ಲೇ ಮಾಡುತ್ತಾರೆ. ಜಪಾನಿನ ಮಿತ್ಸುಯಿ ಪೆಟ್ರೋಕೆಮಿಕಲ್ 1983ರ ಹೊತ್ತಿಗೇ ಶಿಕೊನಿನ್ ಅನ್ನುವ ಸಸ್ಯವರ್ಣವನ್ನು ಕೋಶ ಕೃಷಿಯಿಂದ ಮಾಡಿ ಮಾರಿತು. ಅವರು ಒಂದು ಮೀಡಿಯಾದಲ್ಲಿ ಕೋಶ ಬೆಳೆಸಿ, ಇನ್ನೊಂದರಲ್ಲಿ ಶಿಕೊನಿನ್ ಮಾಡಿಸುತ್ತಿದ್ದರು. ಅಮೋನಿಯಂ ಇದ್ದರೆ ಶಿಕೊನಿನ್ ಬರುವುದಿಲ್ಲ, ಹಾಗಾಗಿ ಎರಡನೆಯದರಲ್ಲಿ ಬರೀ ನೈಟ್ರೇಟ್. ಇನ್ನೊಂದು ಅನುಕೂಲ ನೋಡಿ, ಶಿಕೊನಿನ್ ಕೆಂಪು. ಯಾವ ಕೋಶ ಕೆಲಸ ಮಾಡುತ್ತಿದೆ ಅಂತ ಬರಿಗಣ್ಣಿಗೇ ಗೊತ್ತಾಗುತ್ತದೆ. ನನಗೆ ಆ ಭಾಗ್ಯ ಇರಲಿಲ್ಲ, ನಿಮಗೂ ಇಲ್ಲ.

ನಾನು ನಿಮ್ಮ ಜಾಗದಲ್ಲಿದ್ದರೆ ಅಜ್ಮಲಿಸಿನ್, ಸರ್ಪೆಂಟೈನ್ ಗುರಿ ಇಟ್ಟುಕೊಳ್ಳುತ್ತೇನೆ. ಇವು ಕ್ಯಾಲಸ್‌ನಲ್ಲಿ ನಿಜವಾಗಿಯೂ ಬರುತ್ತವೆ. ಗೈಡ್ ಒಪ್ಪಿದರೆ ಅಗ್ರೋಬ್ಯಾಕ್ಟೀರಿಯಂ ರೈಜೋಜೆನಿಸ್ ಅನ್ನುವ ಬ್ಯಾಕ್ಟೀರಿಯಾ ಹಾಕಿ ಹೇರಿ ರೂಟ್ (ಕವಲೊಡೆದು ಬೆಳೆಯುವ ಬೇರು) ಎಬ್ಬಿಸುವುದು ಇನ್ನೂ ಒಳ್ಳೆಯದು. ಬೇರು ಕ್ಯಾಲಸ್‌ನಷ್ಟು ಸುಲಭವಾಗಿ ಗುಣ ಬದಲಿಸುವುದಿಲ್ಲ.

ಇವತ್ತೇ ಮಾಡಬೇಕಾದ್ದು ಇಷ್ಟು. ಗಟ್ಟಿ ತುಂಡುಗಳನ್ನು ಬಿಸಾಡಬೇಡಿ, ಬೇರೆ ಬಾಟಲಿಗೆ ಹಾಕಿ ಹೆಸರು ಬರೆದಿಡಿ. ಪ್ರತಿ ಸಬ್‌ಕಲ್ಚರ್‌ನಲ್ಲೂ ಪ್ರತಿ ಲೈನಿನ ಚೂರು ಅರೆದು ಟಿಎಲ್‌ಸಿ ಮಾಡಿ, ಪ್ಲೇಟಿನ ಫೋಟೋ ಇಟ್ಟುಕೊಳ್ಳಿ. ನೀಲಿ ಚುಕ್ಕೆ ಬರುವ ಲೈನನ್ನು ಮಾತ್ರ 2,4-ಡಿ ಇಲ್ಲದ, ಸಕ್ಕರೆ ಜಾಸ್ತಿ ಇರುವ ಮೀಡಿಯಾಕ್ಕೆ ದಾಟಿಸಿ. ಮೀಥೈಲ್ ಜಾಸ್ಮೊನೇಟ್ ಅದಾದ ಮೇಲೆ. ಅದನ್ನು ಎಥನಾಲ್‌ನಲ್ಲಿ ಕರಗಿಸಿಯೇ ಹಾಕುತ್ತೀರಿ, ಹಾಗಾಗಿ ಹೋಲಿಸಲು ಬರೀ ಎಥನಾಲ್ ಹಾಕಿದ ಫ್ಲಾಸ್ಕ್ ಒಂದು ಇರಲೇಬೇಕು. ಅದನ್ನು ಬೇರೆ ಶೇಕರ್ ಮೇಲೆ ದೂರ ಇಡಿ. ಮೀಥೈಲ್ ಜಾಸ್ಮೊನೇಟ್ ಆವಿಯಾಗುತ್ತದೆ, ಪಕ್ಕದ ಫ್ಲಾಸ್ಕಿಗೂ ತಾಗಿಬಿಡಬಹುದು.