ಶಕ್ತಿಯನ್ನು ಬರೀ ಜೌಲ್‌ನಲ್ಲಿ ಹೇಳದೆ ‘ಕಿಲೋಜೌಲ್/ಮೋಲ್’ ಎಂದು ಬರೆಯುವುದೇಕೆ?

ರಾಸಾಯನಿಕ ಕ್ರಿಯೆಯಲ್ಲಿ ವಸ್ತು ಹೆಚ್ಚಾದಷ್ಟೂ ಬಿಡುಗಡೆಯಾಗುವ ಶಕ್ತಿಯೂ ಹೆಚ್ಚುತ್ತದೆ. ಹಾಗಾಗಿ ಎಷ್ಟು ವಸ್ತುವಿಗೆ ಎಂದು ಹೇಳದಿದ್ದರೆ ಬರೀ ಜೌಲ್ ಸಂಖ್ಯೆಯಿಂದ ಹೋಲಿಕೆ ಸಾಧ್ಯವಿಲ್ಲ.

ಗ್ರಾಂ ಲೆಕ್ಕ ಏಕಲ್ಲ? ಪರಮಾಣುಗಳನ್ನು ಹಿಡಿದಿಡುವ ಬಂಧಗಳು ಮುರಿಯುವುದು ಅಣುಗಳ ಲೆಕ್ಕದಲ್ಲಿ, ತೂಕದ ಪ್ರಕಾರವಲ್ಲ. ಒಂದು ಮೋಲ್ ಎಂದರೆ 6.022 × 10²³ ಕಣಗಳು. ಹೈಡ್ರೋಜನ್ ಅಣುವಾದರೆ ಅದು ಸುಮಾರು 2 ಗ್ರಾಂ, ಅಯೋಡಿನ್ ಅಣುವಾದರೆ 254 ಗ್ರಾಂ. ಬಂಧಗಳ ಸಂಖ್ಯೆ ಮಾತ್ರ ಎರಡರಲ್ಲೂ ಒಂದೇ. ಆದ್ದರಿಂದಲೇ ಅವುಗಳ ಬಂಧಶಕ್ತಿಗಳಾದ (ಬಂಧ ಮುರಿಯಲು ಬೇಕಾದ ಶಕ್ತಿ) 436 ಮತ್ತು 151 ಕಿಲೋಜೌಲ್/ಮೋಲ್ ಅನ್ನು ನೇರವಾಗಿ ಹೋಲಿಸಬಹುದು. ಒಂದೇ ಅಣುವಿನ ಲೆಕ್ಕ ಹಿಡಿದರೆ 436 ಕಿಲೋಜೌಲ್ ಎನ್ನುವುದು 7.24 × 10⁻¹⁹ ಜೌಲ್ ಆಗಿಬಿಡುತ್ತದೆ. ಅಷ್ಟು ಚಿಕ್ಕ ಸಂಖ್ಯೆ ಯಾರಿಗೆ ಬೇಕು! ಕಣವೊಂದರ ಲೆಕ್ಕಕ್ಕೆ ಎಲೆಕ್ಟ್ರಾನ್‌ವೋಲ್ಟ್ ಇದೆ: ಕಣಕ್ಕೆ 1 ಎಲೆಕ್ಟ್ರಾನ್‌ವೋಲ್ಟ್ ಎಂದರೆ 96.49 ಕಿಲೋಜೌಲ್/ಮೋಲ್. ಹಳೆಯ ಪುಸ್ತಕಗಳ 1 ಕಿಲೋಕ್ಯಾಲರಿ/ಮೋಲ್ 4.184 ಕಿಲೋಜೌಲ್/ಮೋಲ್‌ಗೆ ಸಮ.

ಎಡವುವುದು ಸಾಮಾನ್ಯವಾಗಿ ಎರಡು ಕಡೆ. ಎಂಥಾಲ್ಪಿ, ಅಂದರೆ ಸ್ಥಿರ ಒತ್ತಡದಲ್ಲಿ ಲೆಕ್ಕಕ್ಕೆ ಬರುವ ಉಷ್ಣ, ಕಿಲೋಜೌಲ್‌ನಲ್ಲಿರುತ್ತದೆ. ಎಂಟ್ರೊಪಿ, ಅಂದರೆ ಅಸ್ತವ್ಯಸ್ತತೆಯ ಅಳತೆ, ಕೋಷ್ಟಕಗಳಲ್ಲಿ ಜೌಲ್‌ನಲ್ಲಿರುತ್ತದೆ. ಎರಡನ್ನೂ ಒಂದೇ ಲೆಕ್ಕದಲ್ಲಿ ಬಳಸುವಾಗ ಜೌಲ್ ಸಂಖ್ಯೆಯನ್ನು 1000ದಿಂದ ಭಾಗಿಸದೆ ಸೇರಿಸಿದರೆ ಉತ್ತರವೇ ಅಸಂಬದ್ಧ. ಇನ್ನೊಂದು, ‘ಯಾವುದರ ಮೋಲ್?’ ಎಂಬುದನ್ನು ಮರೆಯುವುದು. ದ್ರವರೂಪದ ನೀರು ಉಂಟಾಗುವಾಗ ಹೊರಬರುವ ಉಷ್ಣ, ಹೈಡ್ರೋಜನ್‌ನ ಒಂದು ಮೋಲ್‌ಗೆ 286 ಕಿಲೋಜೌಲ್. ಅದೇ ಕ್ರಿಯೆಯಲ್ಲಿ ಆಕ್ಸಿಜನ್‌ನ ಒಂದು ಮೋಲ್‌ಗೆ ಲೆಕ್ಕ ಹಾಕಿದರೆ 572.